ಕಿವಿ ಹಾರಿಸಿದ ವಿಮಾನ

ಕಂಪನಿಯಲ್ಲಿ ಅವರನ್ನು ಎಲ್ಲರೂ ಕೈಗುಣದ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ವೈದ್ಯರಿಗೆ ಕೈಗುಣ ಇರುತ್ತದೆ, ಅಡುಗೆಯವರಿಗೆ ಇರುತ್ತದೆ, ಗಿಡ ನೆಡುವವರಿಗೂ ಇರುತ್ತದೆಂದು ಕೇಳಿದ್ದೇವೆ. ವಿಮಾನ ನಡೆಸುವವನಿಗೂ ಅದು ಇರಬಹುದೆಂದು ಮೊದಲು ಹೇಳಿದವರು ಯಾರೋ ತಿಳಿಯದು. ಅವರೇ ಹೇಳಿಕೊಂಡಿರಬೇಕು ಎಂಬುದು ಅವರ ಹೆಂಡತಿಯ ಗುಮಾನಿ. ಐವತ್ತೆಂಟು ವರ್ಷ. ಎದುರಿಗೆ ಬಂದರೆ ಮೊದಲು ಹೊಟ್ಟೆ ಬರುತ್ತಿತ್ತು, ಅದರ ಹಿಂದೆ ಮೂಗು, ಎಷ್ಟೋ ಹೊತ್ತಿನ ಮೇಲೆ ಕೈ. ಆ ಕೈಯಿಂದ ಮನೆಯಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆದದ್ದಿಲ್ಲ. ಗೋಡೆಯ ಮೇಲಿನ ಮದುವೆ ಫೋಟೋ ಮೂವತ್ತು ವರ್ಷದಿಂದ ಎಡಕ್ಕೆ ವಾಲಿಕೊಂಡೇ ಇತ್ತು. "ಇಬ್ಬರೂ ಒಂದೇ ಕಡೆ ವಾಲಿದ್ದೀವಲ್ಲ, ಅದೇ ದೊಡ್ಡದು" ಎಂದು ಅವರು ಅದಕ್ಕೊಂದು ಸಮಾಧಾನ ಇಟ್ಟುಕೊಂಡಿದ್ದರು.

ಕೆಲಸವೂ ಅಂಥ ಸಿನಿಮಾದ ಪೈಲಟ್ ಕೆಲಸವಲ್ಲ. ಬೆಳಿಗ್ಗೆ ಆರಕ್ಕೆ ಹೋಗಿ, ಎರಡು ಊರಿನ ನಡುವೆ ನಾಲ್ಕು ಸಲ ಓಡಾಡಿ, ಮೂರು ಗಂಟೆಯ ಹೊತ್ತಿಗೆ ಮನೆಗೆ ಬಂದು ಕುರ್ಚಿಯಲ್ಲಿ ನಿದ್ದೆ ಹೋಗುವುದು. ಬಸ್ಸಿನ ಡ್ರೈವರಿಗೂ ತಮಗೂ ಇರುವ ವ್ಯತ್ಯಾಸ ಟೋಪಿಯೊಂದೇ ಎನ್ನುತ್ತಿದ್ದರು. ಆದರೆ ತಿಂಗಳಲ್ಲಿ ಆರು ದಿನ ಮಾತ್ರ ಅವರು ಬೇರೆಯೇ ಮನುಷ್ಯ. ಆ ಆರು ದಿನ ಅವರು ಪಾಠ ಹೇಳುತ್ತಿದ್ದರು.

ವಿಮಾನ ನಿಲ್ದಾಣದ ಹಿಂಬದಿಯಲ್ಲಿ ಗೋದಾಮಿನಂಥ ಒಂದು ಕಟ್ಟಡ. ಒಳಗೆ ಆರು ಕಬ್ಬಿಣದ ಕಾಲಿನ ಮೇಲೆ ನಿಂತ ಬಿಳಿ ಡಬ್ಬ. ಅದರೊಳಗೆ ಹೊಕ್ಕರೆ ಥೇಟು ವಿಮಾನದ ಮುಂಭಾಗ: ಅದೇ ಸೀಟು, ಅದೇ ಗುಂಡಿಗಳು, ಕಿಟಕಿಯಾಚೆ ಚಿತ್ರದ ಆಕಾಶ. ಡಬ್ಬ ಅಲ್ಲಾಡುತ್ತದೆ, ಬಾಗುತ್ತದೆ, ನಡುಗುತ್ತದೆ. ಅದಕ್ಕೆ ಸಿಮ್ಯುಲೇಟರ್ ಎಂಬ ದೊಡ್ಡ ಹೆಸರಿದೆ, ಪೈಲಟ್‌ಗಳು ಡಬ್ಬ ಎಂದೇ ಅನ್ನುವುದು. ಈ ಡಬ್ಬದಲ್ಲಿ ಕೈಗುಣದ ಕ್ಯಾಪ್ಟನ್ ಹನ್ನೊಂದು ವರ್ಷದಿಂದ ಒಂದೇ ಒಂದು ಪಾಠ ಹೇಳಿಕೊಂಡು ಬಂದಿದ್ದರು. ಗೋ-ಅರೌಂಡ್ ಪಾಠ.

ಗೋ-ಅರೌಂಡ್ ಎಂದರೆ ಇಷ್ಟೇ. ವಿಮಾನ ಇಳಿಯಲು ನೆಲದ ಹತ್ತಿರ ಬಂದಿರುತ್ತದೆ. ರನ್‌ವೇ ಮೇಲೆ ಯಾವುದೋ ವಾಹನ ಇದೆ, ಅಥವಾ ಗಾಳಿ ಸರಿಯಿಲ್ಲ, ಅಥವಾ ಮೋಡದಲ್ಲಿ ನೆಲ ಕಾಣುವುದಿಲ್ಲ. ಆಗ ಇಳಿಯುವ ಆಸೆ ಕೈಬಿಟ್ಟು ಎಂಜಿನ್‌ಗೆ ಪೂರಾ ಶಕ್ತಿ ಕೊಟ್ಟು, ಮತ್ತೆ ಮೇಲಕ್ಕೆ ಹೋಗಿ, ಸುತ್ತು ಹಾಕಿ ಬರಬೇಕು. ಸ್ಟಾಪಿನಲ್ಲಿ ಇಳಿಯಲು ಒಂದು ಕಾಲು ಹೊರಗಿಟ್ಟವನನ್ನು ಕಂಡಕ್ಟರ್ ಮತ್ತೆ ಒಳಗೆಳೆದುಕೊಂಡ ಹಾಗೆ. ಹೇಳುವುದಕ್ಕೆ ಸುಲಭ. ಆದರೆ ಪ್ರಯಾಣದ ಕೊನೆಯಲ್ಲಿ ಇಂಧನ ಖರ್ಚಾಗಿ ವಿಮಾನ ಹಗುರಾಗಿರುತ್ತದೆ. ಪೂರಾ ಶಕ್ತಿ ಕೊಟ್ಟರೆ ಕಟ್ಟು ಬಿಚ್ಚಿದ ಕರುವಿನ ಹಾಗೆ ಹಾರುತ್ತದೆ. ಮೂರು ಸಾವಿರ ಅಡಿಯಲ್ಲಿ ನಿಲ್ಲಿಸು ಎಂದಿದ್ದರೆ ಅದು ಒಂದು ನಿಮಿಷದೊಳಗೆ ಬಂದೇಬಿಡುತ್ತದೆ. ಅಷ್ಟರೊಳಗೆ ಚಕ್ರ ಮೇಲೆತ್ತಬೇಕು, ರೆಕ್ಕೆಯ ಪಟ್ಟಿಗಳನ್ನು ಮಡಿಸಬೇಕು, ಶಕ್ತಿ ಇಳಿಸಬೇಕು, ರೇಡಿಯೋದಲ್ಲಿ ಉತ್ತರ ಹೇಳಬೇಕು. ವರ್ಷಕ್ಕೊಮ್ಮೆ ಬರುವ ಕೆಲಸ, ಬಂದಾಗ ನಾಲ್ಕು ಕೈ ಬೇಕು.

ಇದನ್ನು ಆಟೋಪೈಲಟ್‌ಗೆ ಬಿಡಬೇಕೋ, ಕೈಯಿಂದ ಮಾಡಬೇಕೋ ಎಂಬುದೇ ಪೈಲಟ್‌ಗಳ ಜಗಳ. ಯಂತ್ರಕ್ಕೆ ಬಿಟ್ಟರೆ ಒಂದು ಗುಂಡಿ ಒತ್ತಿದರೆ ಸಾಕು, ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತದೆ. ನಮ್ಮ ಕ್ಯಾಪ್ಟನ್ ಯಂತ್ರದ ವೈರಿಯೇನಲ್ಲ. "ಯಂತ್ರಕ್ಕೆ ಬಿಡು, ಬೇಡ ಅನ್ನಲ್ಲ. ಅದು ನಿನ್ನನ್ನ ಬಿಟ್ಟ ದಿನಕ್ಕೆ ಒಂದು ಕೈ ಇಟ್ಕೊಂಡಿರು" ಎಂಬುದು ಅವರ ವಾದ. ಹಾಗಾಗಿ ಡಬ್ಬದಲ್ಲಿ ಆಟೋಪೈಲಟ್ ಕಿತ್ತುಹಾಕಿ, ಹುಡುಗರು ಬೆವರುವವರೆಗೆ ಕೈಯಿಂದಲೇ ಗೋ-ಅರೌಂಡ್ ಮಾಡಿಸುತ್ತಿದ್ದರು. ಹೊರಗೆ ಬಂದವರು ಕ್ಯಾಂಟೀನಿನಲ್ಲಿ ಅವರ ಮೂಗಿನ ನಕಲು ಮಾಡುತ್ತಿದ್ದರು. ಅವರಿಗೆ ಅದು ಗೊತ್ತಿತ್ತು. ನಕಲು ಮಾಡದ ಬ್ಯಾಚು ಪಾಠ ಕಲಿತಿಲ್ಲ ಎಂದೇ ಅವರ ಲೆಕ್ಕ.

ಎಡವಟ್ಟು ಶುರುವಾದದ್ದು ಒಂದು ಬೆಳಿಗ್ಗೆ.

ಕೆಳಗೆ ದಟ್ಟ ಮೋಡ. ಕ್ಯಾಪ್ಟನ್ ತಮ್ಮ ವಾಡಿಕೆಯಂತೆ ಆಟೋಪೈಲಟ್ ತೆಗೆದು ಕೈಯಿಂದಲೇ ಇಳಿಸುತ್ತಿದ್ದರು. ಪಕ್ಕದಲ್ಲಿ ಸಹಪೈಲಟ್, ಎರಡು ವರ್ಷದ ಸರ್ವಿಸಿನ ಚುರುಕು ಹುಡುಗಿ. ಇವರಿಗಿಂತ ಮುಂಚೆ ಇಳಿದಿದ್ದ ವಿಮಾನ ರನ್‌ವೇ ಬಿಟ್ಟು ಹೊರಗೆ ಹೋಗಲು ತಡಮಾಡಿತು. ಟವರ್‌ನವರು ಗೋ-ಅರೌಂಡ್ ಎಂದರು. ಹನ್ನೊಂದು ವರ್ಷ ಪಾಠ ಹೇಳಿದ ಮನುಷ್ಯ, ಕೇಳಬೇಕೆ? ಠೀವಿಯಿಂದ ಶಕ್ತಿ ಕೊಟ್ಟರು. ಮೋಡದೊಳಗೆ ಬೆನ್ನು ಸೀಟಿಗೆ ಒತ್ತಿತು. ಆಗ ಅವರ ಮೈ ಹೇಳಿತು: ಅಯ್ಯೋ, ಮೂಗು ಆಕಾಶಕ್ಕೆ ನೆಟ್ಟಗಾಗ್ತಿದೆ, ಬಗ್ಗಿಸು. ಹೊರಗೆ ಏನೂ ಕಾಣದಿದ್ದಾಗ ವೇಗ ಏರಿದರೆ ಕಿವಿಯೊಳಗಿನ ತಕ್ಕಡಿ ಹೀಗೇ ಸುಳ್ಳು ಹೇಳುತ್ತದೆ. ಇದನ್ನು ಪ್ರತಿ ತರಗತಿಯಲ್ಲೂ ಅವರೇ ಹೇಳುತ್ತಿದ್ದರು. ಹೇಳುವುದು ಬೇರೆ, ಬರುವುದು ಬೇರೆ. ಅವರ ಕೈ ಕಿವಿಯ ಮಾತು ಕೇಳಿ ಮೂಗನ್ನು ಕೆಳಗೆ ಒತ್ತಿತು.

"ಕ್ಯಾಪ್ಟನ್, ಮೂಗು" ಎಂದಳು ಸಹಪೈಲಟ್. ಅವಳು ಹೇಳಿದ್ದು ವಿಮಾನದ ಮೂಗನ್ನು. ಅವರು ಒಂದು ಕ್ಷಣ ತಮ್ಮದನ್ನೇ ಮುಟ್ಟಿಕೊಂಡರೆಂದು ಆಮೇಲೆ ಅವರೇ ಹೇಳಿಕೊಂಡರು, ಅದು ನಿಜವಿರಲಾರದು. ಅಂತೂ ಏಳು ಸೆಕೆಂಡಿನಲ್ಲಿ ಸರಿಮಾಡಿದರು. ಸರಿಮಾಡುವ ಗಡಿಬಿಡಿಯಲ್ಲಿ ಮೂರು ಸಾವಿರ ಅಡಿಗೆ ನಿಲ್ಲಬೇಕಾದದ್ದು ಮೂರು ಸಾವಿರದ ನಾನೂರಕ್ಕೆ ಹೋಯಿತು. ಟವರ್‌ನವರು ಬಹಳ ಮರ್ಯಾದೆಯಿಂದ, ತಾವು ಎಷ್ಟು ಎತ್ತರದಲ್ಲಿದ್ದೀರಿ ಎಂದು ವಿಚಾರಿಸಿದರು. ಎರಡನೇ ಸಲ ಸುಖವಾಗಿ ಇಳಿದರು. ಬಾಗಿಲ ಹತ್ತಿರ ಒಬ್ಬ ವಯಸ್ಸಾದ ಪ್ರಯಾಣಿಕರು, ಊರನ್ನು ಇನ್ನೊಂದು ಸಲ ತೋರಿಸಿದ್ದಕ್ಕೆ ಕೈಕುಲುಕಿ ಹೋದರು.

ಮನೆಗೆ ಬಂದು ಊಟ ಮಾಡುತ್ತ ಇಷ್ಟನ್ನೂ ನಗುನಗುತ್ತ ಹೆಂಡತಿಗೆ ಹೇಳಿದರು. ಅವರು ನಗಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಹಾಗೇ ಬಿಟ್ಟು ಎದ್ದುಹೋಗಿ ಕೊಳಾಯಿ ಬಿಟ್ಟರು.

ಆ ಭಾನುವಾರ ಭಾವಮೈದ ಊಟಕ್ಕೆ ಬಂದ. ಹೆಂಡತಿಯ ತಮ್ಮ, ಕ್ಯಾಪ್ಟನ್‌ಗಿಂತ ಹದಿನೈದು ವರ್ಷ ಚಿಕ್ಕವನು. ಕಾಲೇಜು ಮುಗಿಸಿ ಪೈಲಟ್ ಆಗುತ್ತೇನೆಂದು ಬಂದು, ಇವರ ಮನೆಯ ಮುಂದಿನ ಕೋಣೆಯಲ್ಲಿ ಆರು ವರ್ಷ ಇದ್ದವನು. ಅವನಿಗೆ ವಿಮಾನ ಎಂದರೇನು ಎಂದು ಊಟದ ಮೇಜಿನ ಮೇಲೆ ಚಮಚ, ಲೋಟ ಇಟ್ಟು ತೋರಿಸಿದವರು ಇವರೇ. ಡಬ್ಬದಲ್ಲಿ ಅವನ ಪಕ್ಕ ಕೂತು ಮಣಿಕಟ್ಟು ಹಿಡಿದು ತಿದ್ದಿದವರೂ ಇವರೇ. ಹುಡುಗ ಬುದ್ಧಿವಂತ, ಮಾತುಗಾರ. ಮೇಲಕ್ಕೆ ಹೋದ. ಮೂರು ವರ್ಷದ ಹಿಂದೆ ಇಡೀ ಕಂಪನಿಯ ತರಬೇತಿಗೇ ಮುಖ್ಯಸ್ಥನಾಗಿ, ಮೂರನೇ ಮಹಡಿಯ ಗಾಜಿನ ಕೋಣೆಯಲ್ಲಿ ಕೂತ. ಹುದ್ದೆಯಲ್ಲಿ ಭಾವನಿಗಿಂತ ಮೇಲೆ, ಮನೆಗೆ ಬಂದರೆ ಚಪ್ಪಲಿ ಬಿಟ್ಟು "ಅಕ್ಕಾ, ಏನ್ ಮಾಡಿದ್ದೀಯ?" ಎನ್ನುವವನು. ಕ್ಯಾಪ್ಟನ್‌ಗೆ ಅವನ ಮೇಲೆ ಎಷ್ಟು ಅಭಿಮಾನವೆಂದರೆ, ಅವನನ್ನು ಬೈಯುವ ಹಕ್ಕನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ.

ಊಟವಾದ ಮೇಲೆ ಅವನೇ ಮಾತು ತೆಗೆದ. ಆ ಬೆಳಗಿನ ಸುದ್ದಿ ಅವನಿಗೆ ಗೊತ್ತಾಗಿತ್ತು. ಭಾವನೇ ಫೋನ್ ಮಾಡಿ ಹೇಳಿಕೊಂಡಿದ್ದರಲ್ಲ.

"ಭಾವ, ನಿಮ್ಮಂಥ ಕೈಯೇ ತಪ್ಪಿತು ಅಂದ್ರೆ, ಉಳಿದವರ ಗತಿ ಏನು ಹೇಳಿ. ಎಲ್ಲರ ಕೈಯೂ ತುಕ್ಕು ಹಿಡಿದಿದೆ. ಡಬ್ಬದಲ್ಲಿ ಪ್ರತಿಯೊಬ್ಬನಿಗೂ ವರ್ಷಕ್ಕೆ ಇನ್ನೆರಡು ದಿನ ಕೈಹಾರಾಟ ಕೊಡಿ ಅಂತ ಮೇಲಿನವರನ್ನ ಕೇಳ್ತೀನಿ. ಆದ್ರೆ ಅವರ ಮುಂದೆ ಅಂಕಿಅಂಶ ಇಟ್ರೆ ಆಕಳಿಸ್ತಾರೆ. ನೀವು ನಡೆದದ್ದನ್ನ ನಡೆದ ಹಾಗೆ ಬರೆದುಕೊಡಿ, ನೀವು ಮಾತಾಡೋ ಹಾಗೇ. ಅದನ್ನ ಓದಿದ್ರೆ ಕಲ್ಲೂ ಒಪ್ಪುತ್ತೆ."

ಇನ್ನೆರಡು ದಿನ! ಹನ್ನೊಂದು ವರ್ಷದಿಂದ ಕೇಳಿ ಕೇಳಿ ಸಾಕಾಗಿದ್ದ ಎರಡು ದಿನ. ಜೊತೆಗೆ ತಾವು ಚೆನ್ನಾಗಿ ಬರೆಯುತ್ತೇವೆಂಬ ಹೊಗಳಿಕೆ ಬೇರೆ. ಯಾರನ್ನಾದರೂ ಬೀಳಿಸಬೇಕೆಂದರೆ ಗುಂಡಿ ತೋಡಬೇಕಾಗಿಲ್ಲ, ನೀವು ಬರೀತೀರಲ್ಲ ಎಂದರೆ ಸಾಕು.

ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ತಪ್ಪು ಮಾಡಿದ ಪೈಲಟ್ ಅದನ್ನು ಹೆಸರಿಲ್ಲದೆ ಬರೆದು ಒಂದು ಬೀಗದ ಪೆಟ್ಟಿಗೆಗೆ ಹಾಕುವುದು. ಯಾರನ್ನೂ ಶಿಕ್ಷಿಸುವುದಿಲ್ಲ, ಎಲ್ಲರೂ ಕಲಿಯಲಿ ಎಂಬ ಉದ್ದೇಶ. ಬೀಗದ ಕೈ ಇರುವುದು ಸುರಕ್ಷತಾ ವಿಭಾಗದ ಮೇಡಂ ಬಳಿ ಮಾತ್ರ. ಆ ಮೇಡಂ ಚೀಟಿಯನ್ನು ಟೈಪು ಮಾಡಿಸಿ, ಊರು, ದಿನ, ಮಾತಿನ ಶೈಲಿ ಎಲ್ಲ ತೊಳೆದು, ಗುರುತು ಸಿಗದ ಹಾಗೆ ಹೊರಗೆ ಬಿಡುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರನ್ನೂ ಕೂರಿಸಿಕೊಂಡು ಅವರು ಹೇಳುತ್ತಿದ್ದುದು ಒಂದೇ: ಚೀಟಿಗೆ ಎರಡನೇ ಪ್ರತಿ ಇರಬಾರದು, ಎರಡನೇ ಪ್ರತಿಗೆ ಕಾಲು ಬರುತ್ತದೆ. ನಮ್ಮ ಕ್ಯಾಪ್ಟನ್ ಈ ಮಾತಿಗೆ ಪ್ರತಿ ವರ್ಷ ತಲೆದೂಗಿದವರು, ಈಗ ಒಂದು ಪ್ರತಿಯನ್ನು ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ಲಕೋಟೆಯಲ್ಲಿಟ್ಟು ಭಾವಮೈದನಿಗೆ ಕೊಟ್ಟರು. ಮನೆಯವನು ತಾನೇ.

ಮೂರು ಪುಟ. ಬರೆಯುವಾಗ ಅವರಿಗೇ ನಗು ಬಂತು. "ನನ್ನ ಪಾಠ ಕೇಳಿದ ನಾನೂರು ಜನರಲ್ಲಿ ಅತಿ ದಡ್ಡ ವಿದ್ಯಾರ್ಥಿ ನಾನೇ ಎಂದು ಈಗ ತಿಳಿಯಿತು" ಎಂದು ಒಂದು ಕಡೆ. "ಆ ಏಳು ಸೆಕೆಂಡು ವಿಮಾನ ಹಾರಿಸಿದ್ದು ನಾನಲ್ಲ, ನನ್ನ ಕಿವಿ. ಕಿವಿಗೆ ಲೈಸೆನ್ಸ್ ಇಲ್ಲ" ಎಂದು ಇನ್ನೊಂದು ಕಡೆ. ಕೊನೆಯಲ್ಲಿ, ಕಳೆದ ಆರು ತಿಂಗಳಲ್ಲಿ ತಾನು ಮೋಡದೊಳಗೆ ಕೈಯಿಂದ ಹಾರಿಸಿದ್ದು ಲೆಕ್ಕ ಹಾಕಿದರೆ ಹನ್ನೊಂದು ನಿಮಿಷವೂ ಆಗುವುದಿಲ್ಲ, ಪಾಠ ಹೇಳುವವನಿಗೂ ಅಭ್ಯಾಸ ಬೇಕು, ಆದ್ದರಿಂದ ಎರಡು ದಿನ ಕೊಡಿ ಎಂದು ನ್ಯಾಯವಾಗಿ ಕೇಳಿದ್ದರು.

ಮೂರು ವಾರದ ಮೇಲೆ ಪಾಠ ಹೇಳುವ ಪೈಲಟ್‌ಗಳ ಸಭೆ. ಮೂವತ್ತು ಜನ, ತಣ್ಣನೆಯ ಕೋಣೆ, ಎದುರಿಗೆ ದೊಡ್ಡ ಪರದೆ. ಕ್ಯಾಪ್ಟನ್ ಅಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ಭಾವಮೈದ ಮಾತಾಡಲು ನಿಂತ. ಗೋ-ಅರೌಂಡ್ ಬಗ್ಗೆ ಇಂದು ಒಂದು ನಿರ್ಧಾರ ಪ್ರಕಟಿಸುವುದಿದೆ, ಅದಕ್ಕೆ ಮುಂಚೆ ನಮ್ಮಲ್ಲೇ ಒಬ್ಬರು ಬರೆದದ್ದನ್ನು ಓದುತ್ತೇನೆ ಎಂದ. ಪರದೆಯ ಮೇಲೆ ಅಕ್ಷರ ಮೂಡಿತು.

ಕಿವಿಗೆ ಲೈಸೆನ್ಸ್ ಇಲ್ಲ ಎಂಬ ಸಾಲಿಗೆ ಇಡೀ ಕೋಣೆ ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವರು ಕ್ಯಾಪ್ಟನ್. ಒಳ್ಳೆಯ ಸಾಲು, ಯಾರೋ ಚೆನ್ನಾಗಿ ಬರೆದಿದ್ದಾರೆ ಎಂದು ಅರೆಗಳಿಗೆ ಅನ್ನಿಸಿತು. ಆಮೇಲೆ ನಗು ಬಾಯಲ್ಲೇ ಉಳಿಯಿತು, ನುಂಗುವುದೋ ಉಗುಳುವುದೋ ತಿಳಿಯಲಿಲ್ಲ. ಬರೆದದ್ದು ಬರೆದ ಹಾಗೇ ಇತ್ತು. ಒಂದಕ್ಷರ ತೊಳೆದಿರಲಿಲ್ಲ. ಮೂವತ್ತು ತಲೆಗಳೂ ಒಂದೊಂದಾಗಿ ಇವರ ಕಡೆ ತಿರುಗಿದವು. ಹೆಸರಿಲ್ಲದ ಚೀಟಿಗೆ ಇಂಥ ಬರವಣಿಗೆ ಇದ್ದರೆ ಹೆಸರು ಯಾಕೆ ಬೇಕು?

ಇರಲಿ ಎಂದುಕೊಂಡರು. ಮಾನ ಹೋದರೂ ಎರಡು ದಿನ ಬರುತ್ತದಲ್ಲ. ಕಾದರು. ಪರದೆಯ ಮೇಲೆ ಮೊದಲ ಪುಟ ಬಂತು, ಎರಡನೆಯದು ಬಂತು. ಎರಡು ದಿನದ ಮಾತಿದ್ದ ಮೂರನೆಯ ಪುಟ ಬರಲಿಲ್ಲ. ಅದರ ಬದಲಿಗೆ ಬಂದದ್ದು ಹೊಸ ನಿಯಮ. ಮುಂದಿನ ತಿಂಗಳಿಂದ ಗೋ-ಅರೌಂಡ್ ಎಲ್ಲವೂ ಆಟೋಪೈಲಟ್‌ನಲ್ಲೇ. ಕೈಯಲ್ಲಿದ್ದರೆ ಕೂಡಲೇ ಯಂತ್ರಕ್ಕೆ ಒಪ್ಪಿಸತಕ್ಕದ್ದು. ಕೈಯಿಂದ ಮಾಡುವ ಪಾಠ ರದ್ದು. ಕಂಪನಿಯ ಅತ್ಯಂತ ಅನುಭವಿ ಕೈಯೇ ಹೀಗೆ ತಪ್ಪಿರುವಾಗ, ಎಂದು ಭಾವಮೈದ ವಿವರಿಸಿದ, ಉಳಿದವರ ಗತಿ ಏನು ಹೇಳಿ.

ಊಟದ ಮೇಜಿನ ಮಾತು ಅದೇ. ಬಾಲ ಮಾತ್ರ ಬೇರೆ ಜೋಡಿಸಿದ್ದ.

ಕ್ಯಾಪ್ಟನ್ ಎದ್ದು ನಿಂತರು. "ಎರಡು ದಿನದ ಮಾತು?" ಎಂದು ಕೇಳಿದರು.

"ಯಾವ ಎರಡು ದಿನ, ಕ್ಯಾಪ್ಟನ್?" ಎಂದ ಭಾವಮೈದ.

ಮೂವತ್ತು ವರ್ಷದಲ್ಲಿ ಅವನ ಬಾಯಿಂದ 'ಭಾವ' ಬಿಟ್ಟು ಬೇರೆ ಕರೆ ಕೇಳಿದ್ದು ಅದೇ ಮೊದಲು. ಅವರು ಕೂತರು. ಕುರ್ಚಿ ಕಿರ್ ಎಂದಿತು, ಅದಕ್ಕೂ ಯಾರೋ ನಕ್ಕರು.

ಹೊರಗೆ, ನೀರಿನ ಯಂತ್ರದ ಹತ್ತಿರ, ಅವನೇ ಹಿಂದೆ ಬಂದ. ದನಿ ಮತ್ತೆ ಮನೆಯದಾಗಿತ್ತು.

"ಭಾವ, ಹೆಸರು ಎಲ್ಲೂ ಹಾಕಿಲ್ಲ ನಾನು."

"ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಹಾಕಿದ್ದೀಯ. ಫೋಟೋ ಒಂದು ಬಾಕಿ."

ಅವನು ಬಹಳ ಹೇಳಿದ. ಎರಡು ದಿನಕ್ಕೆ ಮೇಲಿನವರು ಒಪ್ಪಲೇ ಇಲ್ಲ, ಡಬ್ಬ ಖಾಲಿಯಿಲ್ಲ ಎಂದರು. ಯಂತ್ರವೇ ಸುರಕ್ಷಿತ ಎಂದು ದಾಖಲೆಗಳೂ ಹೇಳುತ್ತವೆ. ಮುಖ್ಯಸ್ಥನಾಗಿ ತಾನು ಏನಾದರೂ ಒಂದು ಮಾಡಲೇಬೇಕಿತ್ತು. ಕ್ಯಾಪ್ಟನ್ ಕೇಳಿಸಿಕೊಂಡರು. ಅದರಲ್ಲಿ ಅರ್ಧ ನಿಜವೆಂದು ಅವರಿಗೂ ಗೊತ್ತಿತ್ತು. ಆ ಬೆಳಿಗ್ಗೆ ಯಂತ್ರಕ್ಕೆ ಬಿಟ್ಟಿದ್ದರೆ ಅದು ಗೆರೆ ಎಳೆದ ಹಾಗೆ ಹೋಗುತ್ತಿತ್ತು, ಅವರೇ ಹಾಗೆ ಬರೆದಿದ್ದರು. ನಿಯಮ ಬದಲಾದದ್ದು ಅವರಿಗೆ ನೋವಲ್ಲ. ನೋವಾದದ್ದು ಬೇರೆ: ತಮ್ಮ ಪಾಠವನ್ನು ಕೊಲ್ಲಲು ಕತ್ತಿ ಬೇಕಾದಾಗ ಅವನು ಅದನ್ನು ಇವರಿಂದಲೇ ಮಾಡಿಸಿಕೊಂಡಿದ್ದ. ಸಾಣೆ ಹಿಡಿದು, ಲಕೋಟೆಯಲ್ಲಿಟ್ಟು, ಊಟ ಹಾಕಿ ಕೊಟ್ಟಿದ್ದರು. ಗುರುವಿಗೇ ತಿರುಮಂತ್ರ ಎನ್ನುತ್ತಾರಲ್ಲ, ಇಲ್ಲಿ ಮಂತ್ರ ಬರೆದುಕೊಟ್ಟವನೂ ಗುರುವೇ.

ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಇವರು ಶೂ ಕಳಚುತ್ತ ಸಭೆಯ ಕತೆ ಹೇಳತೊಡಗಿದರು. ಹೇಳುತ್ತ ಹೇಳುತ್ತ ಒಂದು ವಿಷಯ ಗಮನಕ್ಕೆ ಬಂತು. ಮೂವತ್ತು ವರ್ಷದ ಸಂಸಾರದಲ್ಲಿ, ಯಾವ ಕತೆ ಹೇಳಿದರೂ ನಡುವೆ "ಆಮೇಲೆ?" ಎನ್ನದೆ ಬಿಟ್ಟ ಹೆಂಗಸಲ್ಲ ಅದು. ಇಂದು ಆಮೇಲೆ ಎನ್ನಲಿಲ್ಲ. ದಿಂಬಿನ ಕವರೊಂದನ್ನು ಎರಡು ಸಲ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ನಿನಗೆ ಗೊತ್ತಿತ್ತಾ?" ಎಂದು ಇವರು ಕೇಳಿದರು.

"ಹೋದ ವಾರ ಹೇಳಿದ್ದ. ನಿಮಗೆ ಹೇಳ್ಬೇಡ ಅಂದ."

"ನೀನು ಹೇಳಲಿಲ್ಲ."

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ." ಕವರು ಕೆಳಗಿಟ್ಟರು. "ಆ ದಿನ ಊಟಕ್ಕೆ ಕೂತು ನಗ್ತಾ ಹೇಳಿದ್ರಲ್ಲ, ಮೂಗು ಕೆಳಗೆ ಹೋಯ್ತು ಅಂತ. ನಿಮಗದು ಕತೆ. ನಾನು ಅವತ್ತಿಂದ ಎಷ್ಟು ದಿನ ಸರಿಯಾಗಿ ಉಂಡಿದ್ದೀನಿ ಕೇಳಿದ್ರಾ? ನೀವು ಮನೆಗೆ ಬಂದ್ರೆ ಸಾಕು ನನಗೆ. ಕೈಯಿಂದ ಬಂದ್ರೇನು, ಯಂತ್ರದಿಂದ ಬಂದ್ರೇನು?"

ಇಂಥ ಮಾತಿಗೆ ಅವರು ಯಾವಾಗಲೂ ಒಂದು ತಮಾಷೆ ಹೇಳುತ್ತಿದ್ದರು, ಆ ಹೊತ್ತು ಒಂದೂ ಒದಗಲಿಲ್ಲ. ಒಬ್ಬ ಮೋಸ ಮಾಡಿದರೆ ಬಂದು ಹೇಳಿಕೊಳ್ಳಲು ಮನೆಯಿರುತ್ತದೆ. ಇವರು ಹೇಳಿಕೊಳ್ಳಲು ಬಂದ ಮನೆಯಲ್ಲಿ ಸುದ್ದಿ ಇವರಿಗಿಂತ ಒಂದು ವಾರ ಮುಂಚೆ ಬಂದು ಕಾಲು ಚಾಚಿ ಕೂತಿತ್ತು. ಬಿಚ್ಚಿದ ಶೂ ಮತ್ತೆ ಹಾಕಿಕೊಂಡು ಹೊರಗೆ ಹೋಗೋಣವೆನ್ನಿಸಿತು. ಲೇಸು ಗಂಟುಬಿದ್ದಿತ್ತು. ಒಂದೇ ಶೂ ಹಾಕಿಕೊಂಡು ಅರ್ಧ ಗಂಟೆ ಕೂತರು. ಹೆಂಡತಿ ಚಹಾ ತಂದಿಟ್ಟರು, ಆರಿತು.

ಪಾಠ ಹೇಳುವ ಕೆಲಸ ಇನ್ನೂ ಪೂರ್ತಿ ಹೋಗಿರಲಿಲ್ಲ. ಹೊಸ ಪಾಠವನ್ನು ಹೊಸ ಪುಸ್ತಕದ ಪ್ರಕಾರ ಹೇಳಿ ತೋರಿಸಿದರೆ, ಅದು ಸರಿಯೆನಿಸಿದರೆ, ಮುಂದುವರಿಯಬಹುದು. ಪರೀಕ್ಷೆ ಮಾಡುವವನು ಮುಖ್ಯಸ್ಥನೇ, ಅಂದರೆ ಭಾವಮೈದ. ಕ್ರಮವೇನೆಂದರೆ, ಭಾವಮೈದ ವಿದ್ಯಾರ್ಥಿಯ ವೇಷ ಹಾಕಿ ಎಡಗಡೆ ಸೀಟಿನಲ್ಲಿ ಕೂರುವುದು, ಕ್ಯಾಪ್ಟನ್ ಹಿಂದೆ ಕೂತು ಪಾಠ ಹೇಳುವುದು. ಕೊನೆಗೆ ಗುರು ವಿದ್ಯಾರ್ಥಿಗೆ ಐದಕ್ಕೆ ಇಷ್ಟೆಂದು ಅಂಕ ಕೊಡಬೇಕು, ವಿದ್ಯಾರ್ಥಿ ಗುರುವಿಗೆ ಅರ್ಹತೆ ಕೊಡಬೇಕು. ಎರಡು ಹಾಳೆ.

ಹೋಗುವುದೇ ಬೇಡವೆಂದು ಎರಡು ದಿನ ಮುನಿಸಿಕೊಂಡಿದ್ದರು. ಮೂರನೆಯ ದಿನ ಹೋದರು. ಗುಂಡಿ ಒತ್ತುವ ಪಾಠವಾದರೂ ಪಾಠವೇ, ಡಬ್ಬದೊಳಗೆ ಇರಲು ಬಿಟ್ಟರೆ ಸಾಕು ಎಂಬ ಸ್ಥಿತಿಗೆ ಬಂದಿದ್ದರು. ಆತ್ಮಗೌರವ ಎಂಬುದು ಅವರಿಗೂ ಇತ್ತು, ಆದರೆ ಅದಕ್ಕೆ ಬೇರೆ ಕೆಲಸ ಗೊತ್ತಿರಲಿಲ್ಲ.

ಬಲಗಡೆ ಸೀಟಿನಲ್ಲಿ ಆ ದಿನದ ಪಾಳಿಯಲ್ಲಿ ಬಂದು ಕೂತಿದ್ದವಳು ಅದೇ ಸಹಪೈಲಟ್ ಹುಡುಗಿ. ಅವಳು ಇವರಿಗೆ ನಮಸ್ಕಾರ ಹೇಳಿ, ಮುಖ್ಯಸ್ಥನಿಗೆ ಗುಡ್ ಮಾರ್ನಿಂಗ್ ಹೇಳಿ, ಬೆಲ್ಟು ಬಿಗಿದುಕೊಂಡಳು.

ಮೊದಲ ಸುತ್ತು ಪುಸ್ತಕದ ಪ್ರಕಾರ. ಚಿತ್ರದ ಮೋಡ, ಚಿತ್ರದ ರನ್‌ವೇ. ಕ್ಯಾಪ್ಟನ್ ಹಿಂದಿನಿಂದ ಹೇಳಿದ ಹಾಗೆ ಭಾವಮೈದ ಗುಂಡಿ ಒತ್ತಿದ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ವಿಮಾನ ತಾನೇ ಮೂಗೆತ್ತಿ, ತಾನೇ ಏರಿ, ಮೂರು ಸಾವಿರ ಅಡಿಗೆ ಸರಿಯಾಗಿ ತಾನೇ ನಿಂತಿತು. ತಪ್ಪು ಹುಡುಕಲು ಸೂಜಿಮೊನೆಯಷ್ಟು ಜಾಗವಿಲ್ಲ.

"ನೋಡಿದ್ರಾ ಭಾವ?" ಎಂದ ಅವನು, ತಿರುಗದೆ.

"ಚೆನ್ನಾಗಿದೆ" ಎಂದರು ಕ್ಯಾಪ್ಟನ್. ಚೆನ್ನಾಗಿತ್ತು.

ಎರಡನೆಯ ಸುತ್ತೂ ಹಾಗೇ ಆಗಬೇಕಿತ್ತು. ಪಾಠ ಹೇಳುವವರ ಸೀಟಿನ ಪಕ್ಕದಲ್ಲಿ ಒಂದು ಪರದೆಯಿರುತ್ತದೆ, ವಿಮಾನದಲ್ಲಿ ಕೆಡಬಹುದಾದ್ದೆಲ್ಲ ಅದರಲ್ಲಿ ಪಟ್ಟಿಯಾಗಿರುತ್ತದೆ. ಬೆರಳು ತಾಗಿಸಿದರೆ ಅದು ಕೆಡುತ್ತದೆ. ಹೊಸ ಪಾಠದಲ್ಲಿ ಆ ಪರದೆಗೆ ಕೆಲಸವೇ ಇಲ್ಲ, ಮುಟ್ಟಬಾರದೆಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ವಿಮಾನ ಇಳಿಯುತ್ತ ಬಂತು. ಗುಂಡಿ ಒತ್ತಿದ್ದಾಯಿತು. ಎಂಜಿನ್ ಗುಡುಗಿತು, ಡಬ್ಬ ಹಿಂದಕ್ಕೆ ಬಾಗಿತು, ಬೆನ್ನು ಸೀಟಿಗೆ ಒತ್ತಿತು. ಕಿಟಕಿಯ ತುಂಬ ಬೂದು ಮೋಡ. ಮುಂದೆ ಭಾವಮೈದನ ತಲೆ, ಅಚ್ಚುಕಟ್ಟಾಗಿ ಬಾಚಿದ ಕೂದಲು, ತೊಡೆಯ ಮೇಲೆ ಆರಾಮಾಗಿ ಕೂತ ಎರಡು ಕೈ. ಮೂರು ವರ್ಷದಿಂದ ಗಾಜಿನ ಕೋಣೆಯಲ್ಲಿ ಕಾಗದ ತಿರುವಿದ ಕೈ. ಈಗ ಗೊತ್ತಾಗಲಿ ಮಗನಿಗೆ, ಎಂದುಕೊಂಡರು ಕ್ಯಾಪ್ಟನ್. ಆ ಯೋಚನೆಯಲ್ಲಿ ಗುರುವಿನದು ಏನೂ ಇರಲಿಲ್ಲ, ಬರೀ ಭಾವನ ಹೊಟ್ಟೆಯುರಿ.

ಆಟೋಪೈಲಟ್ ಎಂದು ಬರೆದಿದ್ದ ಚೌಕಕ್ಕೆ ಬೆರಳು ತಾಗಿಸಿದರು.

ಎಚ್ಚರಿಕೆಯ ಗಂಟೆ ಕೂಗಿತು. ಹುಡುಗಿ ತಲೆಯೆತ್ತಿದಳು. ಇನ್ನೇನು ಭಾವಮೈದ ತಡಬಡಾಯಿಸುತ್ತಾನೆ, ಕಿವಿಯ ಮಾತು ಕೇಳುತ್ತಾನೆ, ಮೂಗು ಒತ್ತುತ್ತಾನೆ, ವಿಮಾನ ನೆಲಕ್ಕೆ ಬಡಿಯಿತೆಂದು ಮುಂದಿನ ಕಿಟಕಿ ಕೆಂಪಾಗಿ ಡಬ್ಬ ನಿಲ್ಲುತ್ತದೆ. ಅದನ್ನೇ ಕಾದರು.

ಹಾಗೇನೂ ಆಗಲಿಲ್ಲ. ಅವನ ಬಲಗೈ ತೊಡೆಯಿಂದ ಎದ್ದು ಎಂಜಿನ್ ಹಿಡಿಕೆಯ ಮೇಲೆ ಹೋಯಿತು, ಎಡಗೈ ಮುಂದಿನ ಹಿಡಿಕೆಗೆ. ಗಡಿಬಿಡಿಯಿಲ್ಲ, ಮೂಗು ಅದುಮಲಿಲ್ಲ. ಮೂಗು ಇರಬೇಕಾದಲ್ಲಿ ಇತ್ತು, ಕೂದಲಷ್ಟೂ ಕದಲಲಿಲ್ಲ. ಚಕ್ರ ಎತ್ತಿಸಿದ. ಎರಡು ಸಾವಿರ ದಾಟುತ್ತಲೇ ಶಕ್ತಿ ಇಳಿಸಿದ, ಪಟ್ಟಿ ಮಡಿಸಿದ, ಮೂರು ಸಾವಿರಕ್ಕೆ ಬರುವ ಮುಂಚೆಯೇ ಮೆಲ್ಲಗೆ ಮೂಗು ಬಗ್ಗಿಸಿ, ಮೂರು ಸಾವಿರದ ಮೇಲೆ ತುಂಬಿದ ಲೋಟವನ್ನು ಮೇಜಿನ ಮೇಲಿಟ್ಟ ಹಾಗೆ ಇಟ್ಟ. ಹತ್ತಡಿ ಆಚೆಯಿಲ್ಲ, ಈಚೆಯಿಲ್ಲ. ಮಣಿಕಟ್ಟನ್ನು ತುಸು ಒಳಕ್ಕೆ ತಿರುಗಿಸಿ ಹಿಡಿಯುವ ಆ ರೀತಿ ಪುಸ್ತಕದ್ದಲ್ಲ. ಪ್ರಪಂಚದಲ್ಲಿ ಅದನ್ನು ಹೇಳಿಕೊಡುವವರು ಒಬ್ಬರೇ.

ಮುಕ್ಕಾಲು ನಿಮಿಷ ಕ್ಯಾಪ್ಟನ್ ಮೋಸ, ಸಭೆ, ಪರದೆ, ದಿಂಬಿನ ಕವರು ಎಲ್ಲ ಮರೆತರು. ಹನ್ನೊಂದು ವರ್ಷದಲ್ಲಿ ಆ ಡಬ್ಬದೊಳಗೆ ಇಷ್ಟು ಚೆಂದದ ಗೋ-ಅರೌಂಡ್ ನೋಡಿರಲಿಲ್ಲ, ಮಾಡಿರಲಿಲ್ಲ. ಕಣ್ಣು ಮಂಜಾಯಿತು. "ಭೇಷ್" ಎಂಬ ಮಾತು ನಾಲಿಗೆಯವರೆಗೂ ಬಂತು.

ಅಷ್ಟರಲ್ಲಿ ಅವನು ಕೈ ಒರೆಸಿಕೊಳ್ಳುತ್ತ ತಿರುಗಿದ. "ಇದು ಪಾಠದಲ್ಲಿ ಇಲ್ಲವಲ್ಲ, ಕ್ಯಾಪ್ಟನ್."

ಆಗ ಅವರಿಗೆ ಪೂರ್ತಿ ತಿಳಿಯಿತು. ಇಷ್ಟು ದಿನ ಅವನಿಗೆ ಕೈಯ ಬೆಲೆ ಗೊತ್ತಿಲ್ಲ, ಮರೆತಿದ್ದಾನೆ, ಅದಕ್ಕೇ ಹೀಗೆ ಮಾಡಿದ ಎಂದು ಎಲ್ಲೋ ಒಂದು ಕಡೆ ಅವನನ್ನು ಕ್ಷಮಿಸುವ ದಾರಿ ಇಟ್ಟುಕೊಂಡಿದ್ದರು. ದಾರಿ ಮುಚ್ಚಿತು. ಅವನಿಗೆ ಎಲ್ಲ ಗೊತ್ತಿತ್ತು. ಏನನ್ನು ಬಿಸಾಡುತ್ತಿದ್ದೇನೆಂದು ಇವರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಿಸಾಡಿದ್ದ.

ಡಬ್ಬದಿಂದ ಹೊರಗೆ ಸಣ್ಣ ಕೋಣೆ. ಮೇಜು, ಮೂರು ಕುರ್ಚಿ, ಗೋಡೆಯಲ್ಲಿ ಗಡಿಯಾರ. ಹುಡುಗಿ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದಳು. ಹೋಗಲೂ ಆಗದು, ಇರಲೂ ಆಗದು. ಇಬ್ಬರೂ ಎದುರುಬದುರು ಕೂತು ತಮ್ಮ ತಮ್ಮ ಹಾಳೆ ತುಂಬಿದರು. ಭಾವಮೈದ ತಲೆ ಬಗ್ಗಿಸಿ ಬಹಳ ಹೊತ್ತು ಬರೆದ. ಕ್ಯಾಪ್ಟನ್ ಬರೆದದ್ದು ಒಂದೇ ಅಂಕಿ. ಅದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಮೂರು ಹಾಕಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಎರಡು ಹಾಕಬೇಕೆಂದು ಕೈ ತವಕಿಸಿತು. ಆದರೆ ಆ ಮೂರು ಸಾವಿರ ಅಡಿ ಕಣ್ಣ ಮುಂದೆ ಅಲುಗದೆ ನಿಂತಿತ್ತು.

ಹಾಳೆಗಳನ್ನು ಬದಲಾಯಿಸಿಕೊಂಡರು. ಇವರ ಕೈಗೆ ಬಂದ ಹಾಳೆಯಲ್ಲಿ ಅಚ್ಚುಕಟ್ಟಾದ ಅಕ್ಷರ: ಪಾಠದಲ್ಲಿಲ್ಲದ ದೋಷವನ್ನು ಹಾಕಿದರು; ಹೊಸ ಕ್ರಮವನ್ನು ಮನಸಾರೆ ಒಪ್ಪಿಲ್ಲ; ಪಾಠ ಹೇಳಲು ಅನರ್ಹರು. ಕೆಳಗೆ ಸಹಿ. ಎಲ್ಲ ಸರಿಯಾಗೇ ಇತ್ತು, ಒಂದು ಸುಳ್ಳಿಲ್ಲ.

ಅವನು ತನ್ನ ಹಾಳೆ ನೋಡಿದ. ಮತ್ತೊಮ್ಮೆ ನೋಡಿದ. ಕಿವಿ ಕೆಂಪಾಯಿತು.

"ಐದಕ್ಕೆ ಐದಾ, ಭಾವ?"

"ಐದೇ. ಇದ್ದದ್ದನ್ನ ಇದ್ದ ಹಾಗೆ ಬರೆಯೋ ಕೆಟ್ಟ ಚಾಳಿ ನಂದು. ಅದರಿಂದ ಏನಾಗುತ್ತೆ ಅಂತ ನಿನಗೆ ಗೊತ್ತಲ್ಲ."

ಅವನು ಏನೋ ಹೇಳಲು ಹೋದ. ಕ್ಯಾಪ್ಟನ್ ಪೆನ್ನಿನ ಮುಚ್ಚಳ ಹಾಕಿ, ಅನರ್ಹ ಎಂದಿದ್ದ ಹಾಳೆಗೆ ತಮ್ಮ ಸಹಿ ಬೀಳಬೇಕಾದ ಜಾಗ ಯಾವುದೆಂದು ಹುಡುಗಿಯನ್ನು ಕೇಳಿದರು. ಅವಳು ಬಂದು ಬೆರಳಿಟ್ಟು ತೋರಿಸಿದಳು. ಮತ್ತೆ ಮುಚ್ಚಳ ತೆಗೆದು ಅಲ್ಲಿ ಸಹಿ ಮಾಡಿದರು.